ಹುಟ್ಟುಗುಣ, ಕಲಿತ ಗುಣ ಮತ್ತು ಮಿದುಳು



ಸ್ವಭಾವದ ಬಗ್ಗೆ ನಮ್ಮಲ್ಲಿ ಎರಡು ಗಾದೆಗಳಿವೆ. "ಹುಟ್ಟುಗುಣ ಸುಟ್ಟರೂ ಹೋಗದು" ಎನ್ನುತ್ತದೆ ಒಂದು. "ಸಾಧಿಸಿದರೆ ಸಬಳ ನುಂಗಬಹುದು" ಎನ್ನುತ್ತದೆ ಇನ್ನೊಂದು. ಸಬಳ ಎಂದರೆ ಈಟಿ. ಅಭ್ಯಾಸವಿದ್ದರೆ ಈಟಿಯನ್ನೂ ನುಂಗಬಹುದಂತೆ! ಎರಡು ಗಾದೆಗಳೂ ಒಂದಕ್ಕೊಂದು ವಿರುದ್ಧ. ಆದರೂ ಒಂದೇ ಮನೆಯಲ್ಲಿ, ಕೆಲವೊಮ್ಮೆ ಒಂದೇ ದಿನ ಎರಡನ್ನೂ ಕೇಳುತ್ತೇವೆ.

ಗಂಗಾವತಿಯಿಂದ ಕಾರಟಗಿಗೆ ಹೋಗುವ ದಾರಿಯಲ್ಲಿ ಸಿದ್ದಾಪುರವಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಕುಡಿದು ಬೆಳೆದ ಭತ್ತದ ಸೀಮೆ. ಅಲ್ಲಿಯ ಪ್ರೌಢಶಾಲೆಯಾಗಲಿ, ಬೆಂಗಳೂರಿನ ಕಾಲೇಜಾಗಲಿ, ಪರೀಕ್ಷೆ ಹತ್ತಿರ ಬಂದಾಗ ಒಂದು ಮಾತು ಕೇಳಿಬರುವುದು ಖಂಡಿತ: "ನನ್ನ ತಲೆಗೆ ಗಣಿತ ಹತ್ತೋದಿಲ್ರೀ ಸರ್." ಗಣಿತದ ಬದಲು ಇಂಗ್ಲಿಷ್ ಇರಬಹುದು, ಭೌತಶಾಸ್ತ್ರ ಇರಬಹುದು. ಈ ಮಾತಿನ ಹಿಂದೆ ಒಂದು ನಂಬಿಕೆ ಇದೆ. ತಲೆ ಎಂಬುದು ಹುಟ್ಟುವಾಗಲೇ ಅಚ್ಚಿನಲ್ಲಿ ಎರಕ ಹೊಯ್ದು ಬಂದ ಪಾತ್ರೆ, ಅದರ ಆಕಾರ ಇನ್ನು ಬದಲಾಗದು ಎಂಬ ನಂಬಿಕೆ.

ಈ ನಂಬಿಕೆ ಎಷ್ಟು ನಿಜ? ಕಿರುತೆರೆಯ ಮಾತುಕತೆಯಲ್ಲಿ ಇಂಥ ಪ್ರಶ್ನೆಗೆ ಸಿಗುವುದು ಕೆಲವೇ ನಿಮಿಷ. ಇಲ್ಲಿ ಸ್ವಲ್ಪ ನಿಧಾನವಾಗಿ ನೋಡೋಣ. ಮನುಷ್ಯನಿಂದಲೇ ಶುರು ಮಾಡುವ ಬದಲು ಪ್ರಾಣಿಗಳಿಂದ ಶುರು ಮಾಡೋಣ.

ಕೊಟ್ಟಿಗೆಗೆ ಗೊತ್ತಿರುವ ಸಂಗತಿ

ರೈತರ ಮನೆಯ ಮಕ್ಕಳಿಗೆ ಒಂದು ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಆಕಳಿನ ಎರಡು ಕರುಗಳು ಒಂದೇ ರೀತಿ ಇರುವುದಿಲ್ಲ. ಒಂದು ಹೊಸಬರನ್ನು ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತದೆ, ಇನ್ನೊಂದು ಹತ್ತಿರ ಬಂದು ಅಂಗಿಯ ಚುಂಗು ನೆಕ್ಕುತ್ತದೆ. ದನದ ಸಂತೆಯಲ್ಲಿ ಎತ್ತು ಕೊಳ್ಳುವವರು ಸುಳಿ ನೋಡುತ್ತಾರೆ, ಹಲ್ಲು ನೋಡುತ್ತಾರೆ. ಹಾಯುತ್ತದೆಯೇ, ಬೆದರುತ್ತದೆಯೇ, ಜೊತೆ ಎತ್ತಿನೊಂದಿಗೆ ಹೊಂದಿಕೊಳ್ಳುತ್ತದೆಯೇ ಎಂದೂ ವಿಚಾರಿಸುತ್ತಾರೆ. ಕಾರಹುಣ್ಣಿಮೆಯ ದಿನ ಕರಿ ಹರಿಯುವಾಗ ಜನರ ಕೂಗಿಗೆ ಹುರುಪುಗೊಳ್ಳುವ ಎತ್ತು ಬೇರೆ, ಗಾಬರಿಯಾಗುವ ಎತ್ತು ಬೇರೆ ಎಂಬುದು ಊರಿಗೆಲ್ಲ ಗೊತ್ತು.

ವಿಜ್ಞಾನಿಗಳು ಈ ಮಾತನ್ನು ಒಪ್ಪಲು ಬಹಳ ಕಾಲ ಹಿಂಜರಿದರು. ರಷ್ಯದ ಪಾವ್ಲೋವ್ ತನ್ನ ಪ್ರಯೋಗದ ನಾಯಿಗಳಲ್ಲಿ ಬೇರೆ ಬೇರೆ ಸ್ವಭಾವಗಳಿವೆ ಎಂದು ಗುರುತಿಸಿದ್ದನಾದರೂ, ಪ್ರಾಣಿಗಳ ನಡವಳಿಕೆಯನ್ನು ಅಳೆಯುವವರಿಗೆ ಬೇಕಾದದ್ದು ಸರಾಸರಿ ಮಾತ್ರ. ಒಂದು ಪ್ರಾಣಿ ಇನ್ನೊಂದಕ್ಕಿಂತ ಬೇರೆಯಾಗಿ ನಡೆದುಕೊಂಡರೆ ಅದನ್ನು ಅಳತೆಯ ಏರುಪೇರೆಂದು ಬದಿಗಿಡುತ್ತಿದ್ದರು. 1960ರಲ್ಲಿ ಆಫ್ರಿಕದ ಗೊಂಬೆ ಕಾಡಿಗೆ ಹೋದ ಜೇನ್ ಗುಡಾಲ್ ಅಲ್ಲಿಯ ಚಿಂಪಾಂಜಿಗಳಿಗೆ ಸಂಖ್ಯೆ ಕೊಡದೆ ಹೆಸರಿಟ್ಟರು. ಪ್ರತಿಯೊಂದಕ್ಕೂ ತನ್ನದೇ ಸ್ವಭಾವವಿದೆ ಎಂದು ಬರೆದರು. ಇದು ವಿಜ್ಞಾನದ ಶಿಸ್ತಲ್ಲ ಎಂದು ಅವರನ್ನು ಟೀಕಿಸಿದವರು ಕಡಿಮೆಯಿರಲಿಲ್ಲ.

ಇಂದು ಪ್ರಾಣಿಗಳ ವ್ಯಕ್ತಿತ್ವ ಎಂಬುದು ಅಧ್ಯಯನದ ಒಂದು ಶಾಖೆಯೇ ಆಗಿದೆ. ಅದರ ವ್ಯಾಖ್ಯೆ ಸರಳ. ಒಂದು ಪ್ರಾಣಿ ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಸಂದರ್ಭಗಳಲ್ಲಿ ಒಂದೇ ತೆರನಾಗಿ ನಡೆದುಕೊಂಡರೆ, ಮತ್ತು ಆ ನಡವಳಿಕೆ ಅದೇ ಜಾತಿಯ ಇತರ ಪ್ರಾಣಿಗಳಿಗಿಂತ ಭಿನ್ನವಾಗಿದ್ದರೆ ಅದನ್ನು ಆ ಪ್ರಾಣಿಯ ವ್ಯಕ್ತಿತ್ವ ಎನ್ನಬಹುದು. ನೆದರ್ಲೆಂಡ್ಸ್‌ನಲ್ಲಿ ಗುಬ್ಬಿಯಷ್ಟು ದೊಡ್ಡ ಗ್ರೇಟ್ ಟಿಟ್ ಎಂಬ ಹಕ್ಕಿಯನ್ನು ಹೀಗೆ ಪರೀಕ್ಷಿಸಿದರು. ಹೊಸ ಕೋಣೆಗೆ ಬಿಟ್ಟೊಡನೆ ಕೆಲವು ಹಕ್ಕಿಗಳು ಸರಸರನೆ ಎಲ್ಲ ಮೂಲೆಗಳನ್ನೂ ನೋಡಿ ಬಂದವು, ಕೆಲವು ಅಳುಕುತ್ತ ನಿಧಾನವಾಗಿ ಸುತ್ತಿದವು. ಚುರುಕು ಹಕ್ಕಿಗಳನ್ನೇ ಜೋಡಿ ಮಾಡಿ, ಅಳುಕಿನ ಹಕ್ಕಿಗಳನ್ನೇ ಜೋಡಿ ಮಾಡಿ ಕೆಲವು ತಲೆಮಾರು ಬೆಳೆಸಿದಾಗ ಎರಡು ಗುಂಪುಗಳ ಅಂತರ ಹೆಚ್ಚುತ್ತ ಹೋಯಿತು. ಅಂದರೆ ಸ್ವಭಾವದ ಒಂದು ಭಾಗ ತಂದೆತಾಯಿಯಿಂದ ಬರುತ್ತದೆ. ಮೊದಲ ಗಾದೆಗೆ ಇಲ್ಲಿ ಅರ್ಧ ಅಂಕ ಕೊಡಲೇಬೇಕು.

ಕಣಜದ ಗೂಡಿನಲ್ಲಿ

ಇನ್ನು ನಮ್ಮ ರಾಜ್ಯದಲ್ಲೇ ನಡೆದ ಒಂದು ಅಧ್ಯಯನಕ್ಕೆ ಬರೋಣ. ಕಿಟಕಿಯ ಮೇಲ್ಭಾಗದಲ್ಲಿ, ಸೂರಿನ ಕೆಳಗೆ ಕಾಗದದಂಥ ಗೂಡು ಕಟ್ಟುವ ಕಣಜಗಳನ್ನು ನೀವು ನೋಡಿರುತ್ತೀರಿ. ಕೆಲವೆಡೆ ಕಡಜ ಎನ್ನುತ್ತಾರೆ. ಅವುಗಳಲ್ಲಿ ಒಂದು ಜಾತಿಯ ಹೆಸರು ರೊಪಾಲಿಡಿಯ ಮಾರ್ಜಿನೇಟ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಘವೇಂದ್ರ ಗದಗಕರ್ ದಶಕಗಳ ಕಾಲ ಇದನ್ನೇ ಅಧ್ಯಯನ ಮಾಡಿದರು. ಶುರುವಿನ ದಿನಗಳಲ್ಲಿ ಬೇಕಾಗಿದ್ದ ಸಾಮಗ್ರಿ ಬಣ್ಣ, ಟಿಪ್ಪಣಿ ಪುಸ್ತಕ, ಗಡಿಯಾರ ಮತ್ತು ಅಪಾರ ತಾಳ್ಮೆ. ಪ್ರತಿ ಕಣಜದ ಮೈಮೇಲೂ ಬೇರೆ ಬೇರೆ ಬಣ್ಣದ ಚುಕ್ಕೆ ಇಟ್ಟು, ಯಾವುದು ಎಷ್ಟು ಹೊತ್ತು ಏನು ಮಾಡುತ್ತದೆ ಎಂದು ಗಂಟೆಗಟ್ಟಲೆ ಬರೆದುಕೊಂಡರು.

ಈ ಕಣಜದಲ್ಲಿ ರಾಣಿಗೂ ಕೆಲಸಗಾರರಿಗೂ ಹೊರನೋಟದಲ್ಲಿ ವ್ಯತ್ಯಾಸವಿಲ್ಲ. ಆದರೆ ಗದಗಕರ್ ಮತ್ತು ಎನ್.ವಿ. ಜೋಶಿ 1983ರಲ್ಲಿ ಪ್ರಕಟಿಸಿದ ಲೆಕ್ಕಾಚಾರದಲ್ಲಿ ಮೂರು ಗುಂಪುಗಳು ಎದ್ದು ಕಂಡವು. ಹೆಚ್ಚು ಹೊತ್ತು ಸುಮ್ಮನೆ ಕೂರುವವು, ಜಗಳಗಂಟಿಗಳು, ಮತ್ತು ಗೂಡಿನ ಹೊರಗೆ ಮೇವು ಹುಡುಕುವವು. ಹಾಗಾದರೆ ರಾಣಿ ಯಾವ ಗುಂಪಿನಲ್ಲಿ? ಜಗಳಗಂಟಿಗಳ ಪೈಕಿ ಇರಬೇಕೆಂದು ನಾವು ಊಹಿಸುತ್ತೇವೆ. ಆದರೆ ಆಕೆ ಇದ್ದದ್ದು ಸುಮ್ಮನೆ ಕೂರುವವರ ಗುಂಪಿನಲ್ಲಿ!

ಕಥೆ ಇಲ್ಲಿಗೆ ಮುಗಿಯುವುದಿಲ್ಲ. ರಾಣಿಯನ್ನು ಗೂಡಿನಿಂದ ತೆಗೆದರೆ ಸ್ವಲ್ಪ ಹೊತ್ತಿನಲ್ಲೇ ಕೆಲಸಗಾರರಲ್ಲಿ ಒಂದು ಕಣಜ ಇದ್ದಕ್ಕಿದ್ದಂತೆ ಉಗ್ರವಾಗುತ್ತದೆ. ಎಲ್ಲರನ್ನೂ ಅಟ್ಟಾಡಿಸುತ್ತದೆ. ದಿನಗಳು ಕಳೆದಂತೆ ಅದರ ಅಂಡಾಶಯ ಬೆಳೆದು ಮೊಟ್ಟೆ ಇಡಲು ತೊಡಗುತ್ತದೆ, ಆಗ ಉಗ್ರತೆಯೂ ಇಳಿಯುತ್ತದೆ. ಕೊನೆಗೆ ಅದೂ ಹಳೆಯ ರಾಣಿಯ ಹಾಗೆ ಶಾಂತವಾಗಿ ಕೂರುತ್ತದೆ. ಒಂದೇ ಜೀವ, ಒಂದೇ ವಂಶವಾಹಿಗಳು. ಸ್ಥಾನ ಬದಲಾದಾಗ ನಡವಳಿಕೆಯೂ ಬದಲಾಯಿತು.

ಮುಂದಿನ ರಾಣಿ ಯಾರೆಂದು ನಮಗೆ ಮೊದಲೇ ಗೊತ್ತಾಗುವುದಿಲ್ಲ. ಆದರೆ ಕಣಜಗಳಿಗೆ? ಅನಿಂದಿತಾ ಭದ್ರ ಮತ್ತು ಗದಗಕರ್ ಗೂಡನ್ನು ತಂತಿಜಾಲರಿಯಿಂದ ಎರಡು ಪಾಲು ಮಾಡಿ, ರಾಣಿಯನ್ನು ಒಮ್ಮೆ ಆಚೆ ಒಮ್ಮೆ ಈಚೆ ಇಟ್ಟು ಪರೀಕ್ಷಿಸಿದರು. 2008ರಲ್ಲಿ ಪ್ರಕಟವಾದ ಅವರ ತೀರ್ಮಾನದ ಪ್ರಕಾರ ಉತ್ತರಾಧಿಕಾರಿ ಯಾರೆಂಬುದು ಕಣಜಗಳ ನಡುವೆ ಮೊದಲೇ ಇತ್ಯರ್ಥವಾಗಿರುತ್ತದೆ. ನಿಜವಾದ ಉತ್ತರಾಧಿಕಾರಿ ಮುಂದೆ ಬಂದಾಗ ಉಳಿದವು ಜಗಳವಿಲ್ಲದೆ ಒಪ್ಪಿಕೊಂಡವು. ಹೀಗಾಗಿ ಕಣಜಗಳಿಗೆ ಅದು "ಗೊತ್ತು" ಎಂದು ಅವರು ಬರೆದರು. ಗೊತ್ತು ಎಂಬ ಪದಕ್ಕೆ ಉದ್ಧರಣ ಚಿಹ್ನೆ ಹಾಕಿದ್ದನ್ನು ಗಮನಿಸಿ. ಆ ಚಿಹ್ನೆಯ ಅರ್ಥಕ್ಕೆ ಲೇಖನದ ಕೊನೆಯಲ್ಲಿ ಬರೋಣ.

ಅಂಜನಾದ್ರಿಯ ಮೆಟ್ಟಿಲ ಮೇಲೆ

ಹುಳುವಿನಿಂದ ಮಂಗನಿಗೆ ಹೋಗೋಣ. ಗಂಗಾವತಿಯಿಂದ ಆನೆಗುಂದಿಯ ಕಡೆ ಹೋದರೆ ಅಂಜನಾದ್ರಿ ಬೆಟ್ಟ ಸಿಗುತ್ತದೆ. ಸುಮಾರು 575 ಮೆಟ್ಟಿಲು ಹತ್ತುವಾಗ ಇಕ್ಕೆಲದಲ್ಲೂ ಮಂಗಗಳು. ತಲೆಯ ಮೇಲೆ ಟೋಪಿಯಂತೆ ಕೂದಲು ಹರಡಿರುವುದರಿಂದ ಇವಕ್ಕೆ ಇಂಗ್ಲಿಷಿನಲ್ಲಿ ಬಾನೆಟ್ ಮಕಾಕ್ ಎಂದು ಹೆಸರು. ದಕ್ಷಿಣ ಭಾರತದಲ್ಲಿ ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇವು ಸಹಜವಾಗಿ ಇಲ್ಲ. ಯಾವ ಭಕ್ತರ ಕೈಯಲ್ಲಿ ಬಾಳೆಹಣ್ಣಿದೆ, ಯಾರು ಹೆದರುತ್ತಾರೆ, ಯಾರು ಕೋಲು ಎತ್ತುತ್ತಾರೆ ಎಂಬುದನ್ನು ಅವು ಓದುವ ರೀತಿ ನೋಡುವಂಥದ್ದು.

ಇದು ಬರಿಯ ನಮ್ಮ ಕಲ್ಪನೆಯೇ? ಬಂಡೀಪುರದಲ್ಲಿ ಇದೇ ಜಾತಿಯ ಮಂಗಗಳನ್ನು ಗಮನಿಸಿದ ಅನಿಂದ್ಯ ಸಿನ್ಹಾ ಮತ್ತು ಅವರ ಸಂಗಡಿಗರು 2018ರಲ್ಲಿ ಒಂದು ವರದಿ ಪ್ರಕಟಿಸಿದರು. ಅಲ್ಲಿಯ ಕೆಲವು ಮಂಗಗಳು ಪ್ರವಾಸಿಗರ ಕಡೆ ನೋಡಿ "ಕೂ" ಎಂಬ ದನಿ ಹೊರಡಿಸುತ್ತವೆ, ಕೈ ಚಾಚುತ್ತವೆ. ತಿಂಡಿ ಸಿಕ್ಕಿದರೆ ನಿಲ್ಲಿಸುತ್ತವೆ, ಸಿಗದಿದ್ದರೆ ಮುಂದುವರಿಸುತ್ತವೆ. ಎದುರಿಗಿರುವವರು ತಮ್ಮನ್ನು ಗಮನಿಸುತ್ತಿದ್ದಾರೆಯೇ ಎಂಬುದೂ ಅವುಗಳ ಲೆಕ್ಕದಲ್ಲಿದೆ. ಮನುಷ್ಯರ ಕೈತುತ್ತು ಕಾಡಿನ ಮಂಗನಿಗೆ ಹುಟ್ಟಿನಿಂದ ಬಂದ ಆಹಾರವಲ್ಲ. ನಮ್ಮ ಜೊತೆಗಿನ ವ್ಯವಹಾರದಲ್ಲಿ ಅವು ಕಲಿತುಕೊಂಡ ವಿದ್ಯೆ ಇದು. ಇಲ್ಲಿ ಎರಡನೆಯ ಗಾದೆಗೆ ಅಂಕ.

ಎರಡು ಗಾದೆಗಳೂ ಒಟ್ಟಿಗೆ ಕೂಡುವ ಜಾಗ ಮೈಸೂರು ದಸರಾ. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊರಲು ಆನೆಯ ದೇಹಬಲದಷ್ಟೇ ಅದರ ಸ್ವಭಾವವನ್ನೂ ನೋಡುತ್ತಾರೆ. 1999ರಿಂದ 2011ರವರೆಗೆ ಅಂಬಾರಿ ಹೊತ್ತ ಬಲರಾಮ ಸೌಮ್ಯ ಆನೆಯೆಂದೇ ಹೆಸರಾಗಿದ್ದ. ಆದರೆ ಸೌಮ್ಯ ಸ್ವಭಾವ ಒಂದೇ ಸಾಲದು. ಹಬ್ಬಕ್ಕೆ ಮುಂಚೆ ಆನೆ ಕುದುರೆಗಳ ಎದುರು ಫಿರಂಗಿ ಹಾರಿಸಿ ತಾಲೀಮು ಮಾಡಿಸುತ್ತಾರೆ. ಮೊದಲ ದಿನ ಬೆಚ್ಚುವ ಆನೆ ಕ್ರಮೇಣ ಆ ಸದ್ದಿಗೆ ಒಗ್ಗಿಕೊಳ್ಳುತ್ತದೆ. ಆಯ್ಕೆಯಲ್ಲಿ ಹುಟ್ಟುಗುಣ, ತಾಲೀಮಿನಲ್ಲಿ ಕಲಿತ ಗುಣ.

ಒಗ್ಗಿಕೊಳ್ಳುವುದು ಎಂದರೇನು? ಆನೆಯ ತಲೆಯೊಳಗೆ ಏನು ಬದಲಾಯಿತು? ಈಗ ಮಿದುಳಿನೊಳಗೆ ಇಳಿಯೋಣ.

ತಲೆಯೊಳಗಿನ ಅಚ್ಚರಿ

ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಮಿದುಳಿನ ಸಂಗ್ರಹಾಲಯವೊಂದಿದೆ. ಅಲ್ಲಿ ಕೈಗವಸು ತೊಟ್ಟು ನಿಜವಾದ ಮನುಷ್ಯ ಮಿದುಳನ್ನು ಮುಟ್ಟಿ ನೋಡುವ ಅವಕಾಶವಿದೆ. ಬೆಂಗಳೂರಿಗೆ ಹೋದಾಗ ತಪ್ಪಿಸಿಕೊಳ್ಳಬೇಡಿ. ವಯಸ್ಕರ ಮಿದುಳು ಸುಮಾರು 1.3ರಿಂದ 1.4 ಕಿಲೋ ತೂಗುತ್ತದೆ. ದೇಹದ ತೂಕದಲ್ಲಿ ಇದು ಶೇಕಡಾ 2ರಷ್ಟು. ಆದರೆ ದೇಹ ವಿಶ್ರಾಂತಿಯಲ್ಲಿರುವಾಗ ಖರ್ಚಾಗುವ ಶಕ್ತಿಯಲ್ಲಿ ಸುಮಾರು ಶೇಕಡಾ 20ರಷ್ಟು ಅದಕ್ಕೇ ಬೇಕು. ಅದರಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಜೇನುನೊಣದ ಮಿದುಳಿನಲ್ಲಿರುವುದು ಸುಮಾರು 10 ಲಕ್ಷ.

ಒಂದು ನರಕೋಶವನ್ನು ಎಲೆ ಉದುರಿದ ಬೇವಿನ ಮರದಂತೆ ಕಲ್ಪಿಸಿಕೊಳ್ಳಿ. ಕಾಂಡವಿದೆ, ಟಿಸಿಲೊಡೆದ ಕೊಂಬೆಗಳಿವೆ. ಪಕ್ಕದ ಕೋಶಗಳಿಂದ ಸುದ್ದಿ ಬರುವುದು ಈ ಕೊಂಬೆಗಳ ಮೂಲಕ. ಎರಡು ಕೋಶಗಳು ಸಂಧಿಸುವ ಜಾಗಕ್ಕೆ ನರಸಂಧಿ ಎನ್ನುತ್ತೇವೆ. ಅಲ್ಲಿ ಕೂದಲೆಳೆಗಿಂತ ಎಷ್ಟೋ ಕಿರಿದಾದ ಒಂದು ಸಂದಿಯಿರುತ್ತದೆ. ರಾಸಾಯನಿಕಗಳು ಆ ಸಂದಿಯನ್ನು ದಾಟಿ ಸುದ್ದಿ ತಲುಪಿಸುತ್ತವೆ.

ಹೊಲದ ಕಾಲುದಾರಿಯನ್ನು ನೆನಪಿಸಿಕೊಳ್ಳಿ. ದಿನವೂ ಜನ ನಡೆದರೆ ದಾರಿ ಸವೆದು ಸ್ಪಷ್ಟವಾಗುತ್ತದೆ, ನಡೆಯುವುದನ್ನು ಬಿಟ್ಟರೆ ಹುಲ್ಲು ಮುಚ್ಚಿಕೊಳ್ಳುತ್ತದೆ. ಒಟ್ಟಿಗೆ ಕೆಲಸ ಮಾಡುವ ನರಕೋಶಗಳ ನಡುವಿನ ಸಂಬಂಧವೂ ಹೀಗೆಯೇ ಬಲಗೊಳ್ಳುತ್ತದೆ ಎಂದು ಕೆನಡಾದ ಡೊನಾಲ್ಡ್ ಹೆಬ್ 1949ರಲ್ಲಿ ಸೂಚಿಸಿದರು. 1973ರಲ್ಲಿ ಬ್ಲಿಸ್ ಮತ್ತು ಲೋಮೊ ಮೊಲದ ಮಿದುಳಿನಲ್ಲಿ ನರಸಂಧಿಗಳು ಹೀಗೆ ಬಲಗೊಂಡು ಬಹಳ ಹೊತ್ತು ಹಾಗೆಯೇ ಉಳಿಯುವುದನ್ನು ವರದಿ ಮಾಡಿದರು.

ಯೋಚನೆಯೂ ಕೆಲಸವೇ

ಮನುಷ್ಯರ ಮೇಲಿನ ಮೂರು ಅಧ್ಯಯನಗಳನ್ನು ಹೇಳುತ್ತೇನೆ.

ಮೊದಲನೆಯದು ಲಂಡನ್ನಿನ ಟ್ಯಾಕ್ಸಿ ಚಾಲಕರದು. ಅಲ್ಲಿ ಪರವಾನಗಿ ಬೇಕೆಂದರೆ ಸುಮಾರು 25,000 ಬೀದಿಗಳನ್ನು ಬಾಯಿಪಾಠ ಮಾಡಬೇಕು. ಸಾಮಾನ್ಯವಾಗಿ ಮೂರು ನಾಲ್ಕು ವರ್ಷ ಹಿಡಿಯುತ್ತದೆ. ಎಲೀನರ್ ಮ್ಯಾಗ್ವೈರ್ ಮತ್ತು ಕ್ಯಾಥರೀನ್ ವೂಲೆಟ್ ಈ ತರಬೇತಿಗೆ ಸೇರಿದ 79 ಜನರ ಮಿದುಳಿನ ಚಿತ್ರ ತೆಗೆದರು. ವರ್ಷಗಳ ನಂತರ ಮತ್ತೆ ತೆಗೆದರು. 2011ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಪರೀಕ್ಷೆ ಪಾಸಾದ 39 ಜನರಲ್ಲಿ ನೆನಪಿಗೆ ಮತ್ತು ದಾರಿ ಗುರುತಿಸಲು ಮುಖ್ಯವಾದ ಹಿಪ್ಪೊಕ್ಯಾಂಪಸ್ ಎಂಬ ಭಾಗದ ಹಿಂಬದಿ ಬೆಳೆದಿತ್ತು. ಪಾಸಾಗದವರಲ್ಲಿ ಆ ಬೆಳವಣಿಗೆ ಕಾಣಲಿಲ್ಲ. ಶುರುವಿನಲ್ಲಿ ಎರಡೂ ಗುಂಪುಗಳ ನಡುವೆ ವ್ಯತ್ಯಾಸವಿರಲಿಲ್ಲ.

ಎರಡನೆಯದು ಜರ್ಮನಿಯದು. ಮೂರು ಚೆಂಡುಗಳನ್ನು ಗಾಳಿಯಲ್ಲಿ ಎಸೆದು ಹಿಡಿಯುವ ಆಟವನ್ನು ಮೂರು ತಿಂಗಳು ಕಲಿತವರ ಮಿದುಳಿನಲ್ಲಿ, ಚಲನೆಯನ್ನು ನೋಡಿ ಗ್ರಹಿಸುವ ಭಾಗ ಸ್ವಲ್ಪ ಹಿಗ್ಗಿತ್ತು. ಅಭ್ಯಾಸ ಬಿಟ್ಟು ಮೂರು ತಿಂಗಳ ನಂತರ ನೋಡಿದರೆ ಮತ್ತೆ ಕುಗ್ಗುತ್ತ ಬಂದಿತ್ತು. ಇದು 2004ರ ವರದಿ. ರಜೆಯಲ್ಲಿ ಪುಸ್ತಕ ಮುಟ್ಟದಿದ್ದರೆ ಏನಾಗುತ್ತದೆಂದು ಇನ್ನು ಬೇರೆ ಹೇಳಬೇಕಿಲ್ಲ.

ಮೂರನೆಯದು ಎಲ್ಲಕ್ಕಿಂತ ಸ್ವಾರಸ್ಯಕರ. 1995ರಲ್ಲಿ ಆಲ್ವಾರೊ ಪಾಸ್ಕುವಲ್-ಲಿಯೋನ್ ಮತ್ತು ಸಂಗಡಿಗರು ಪಿಯಾನೊ ಬಾರದವರಿಗೆ ಐದು ಬೆರಳಿನ ಒಂದು ಪಾಠ ಕೊಟ್ಟರು. ಒಂದು ಗುಂಪು ದಿನಕ್ಕೆ ಎರಡು ಗಂಟೆಯಂತೆ ಐದು ದಿನ ನುಡಿಸಿತು. ಇನ್ನೊಂದು ಗುಂಪು ಅಷ್ಟೇ ಹೊತ್ತು ಪಿಯಾನೊ ಮುಂದೆ ಕೂತು, ಬೆರಳು ಆಡಿಸದೆ, ನುಡಿಸಿದಂತೆ ಕಲ್ಪಿಸಿಕೊಂಡಿತು. ಬೆರಳುಗಳನ್ನು ಆಡಿಸುವ ಮಿದುಳಿನ ಪ್ರದೇಶ ಎರಡೂ ಗುಂಪುಗಳಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ವಿಸ್ತರಿಸಿತ್ತು. ನುಡಿಸುವ ಕೌಶಲದಲ್ಲಿ ಮಾತ್ರ ಕಲ್ಪನೆಯ ಗುಂಪು ಹಿಂದಿತ್ತು. ಯೋಚನೆಯೂ ಮಿದುಳಿನ ಪಾಲಿಗೆ ಒಂದು ಕೆಲಸವೇ ಎಂದಾಯಿತು. ಆದರೆ ಬರಿಯ ಯೋಚನೆ ಕೈ ಅಭ್ಯಾಸಕ್ಕೆ ಸಮನಲ್ಲ ಎಂಬುದನ್ನೂ ಇದೇ ಪ್ರಯೋಗ ಹೇಳುತ್ತದೆ.

ಹಾಗೆಂದು ಅಭ್ಯಾಸದಿಂದ ಎಲ್ಲರೂ ಎಲ್ಲವೂ ಆಗಬಹುದೆಂದು ಯಾರಾದರೂ ಹೇಳಿದರೆ ನಂಬಬೇಡಿ. ಒಬ್ಬರಿಗೆ ಒಂದು ವಾರದಲ್ಲಿ ಬರುವ ವಿದ್ಯೆ ಇನ್ನೊಬ್ಬರಿಗೆ ಒಂದು ತಿಂಗಳು ಬೇಡಬಹುದು. ಮನುಷ್ಯ ಮಿದುಳಿನ ಶೇಕಡಾ 10ರಷ್ಟನ್ನು ಮಾತ್ರ ಬಳಸುತ್ತಾನೆ ಎಂಬ ಮಾತಂತೂ ಶುದ್ಧ ಸುಳ್ಳು. "ತಲೆಗೆ ಹತ್ತೋದಿಲ್ಲ" ಎಂಬ ವಾಕ್ಯಕ್ಕೆ "ಇನ್ನೂ" ಎಂಬ ಒಂದು ಪದ ಸೇರಿಸಿ ನೋಡಿ. "ಇನ್ನೂ ಹತ್ತಿಲ್ಲ." ಸದ್ಯದ ವಿಜ್ಞಾನಕ್ಕೆ ಈ ವಾಕ್ಯವೇ ಹತ್ತಿರ.

ಹೆದರಿಕೆಯೂ ಒಂದು ಪಾಠ

ಮಾರ್ಪಡುವ ಮಿದುಳು ಒಳ್ಳೆಯ ದಿಕ್ಕಿನಲ್ಲೇ ಮಾರ್ಪಡಬೇಕೆಂದಿಲ್ಲ. "ಹಾಡುತ್ತ ಹಾಡುತ್ತ ರಾಗ, ನರಳುತ್ತ ನರಳುತ್ತ ರೋಗ" ಎಂದು ನಮ್ಮವರು ಹೇಳಿದ್ದು ಸುಮ್ಮನೆ ಅಲ್ಲ.

ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸುಮಂತ್ರ ಚಟರ್ಜಿ, ನಿಮ್ಹಾನ್ಸ್‌ನ ಬಿ.ಎಸ್. ಶಂಕರನಾರಾಯಣ ರಾವ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನ ಇಂದು ಪ್ರಪಂಚದಾದ್ಯಂತ ಉಲ್ಲೇಖವಾಗುತ್ತದೆ. ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಕೂಡಿಹಾಕಿದರು. ನಂತರ ನರಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಹಿಪ್ಪೊಕ್ಯಾಂಪಸ್‌ನಲ್ಲಿ ಮರದ ಕೊಂಬೆಗಳು ಕಡಿದಂತೆ ಗಿಡ್ಡವಾಗಿದ್ದವು. ಆದರೆ ಭಯಕ್ಕೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗದಲ್ಲಿ ಕೊಂಬೆಗಳು ಇನ್ನಷ್ಟು ಕವಲೊಡೆದು ಬೆಳೆದಿದ್ದವು. ನೆನಪಿನ ಮರ ಒಣಗಿತು, ಭಯದ ಮರ ಚಿಗುರಿತು.

ಇಲಿಗಳಿಗೆ 21 ದಿನ ವಿಶ್ರಾಂತಿ ಕೊಟ್ಟರೆ? 2004ರಲ್ಲಿ ಚಟರ್ಜಿಯವರ ತಂಡ ಇದಕ್ಕೂ ಉತ್ತರ ಕೊಟ್ಟಿತು. ಹಿಪ್ಪೊಕ್ಯಾಂಪಸ್ ಚೇತರಿಸಿಕೊಂಡಿತು. ಅಮಿಗ್ಡಲದ ಬೆಳವಣಿಗೆ ಹಾಗೆಯೇ ಉಳಿಯಿತು, ಇಲಿಗಳ ಅಳುಕೂ ಉಳಿಯಿತು. ಒತ್ತಡ ಮುಗಿದ ಮೇಲೂ ಭಯ ಮುಗಿದಿರಲಿಲ್ಲ.

ಇಲಿ ಮನುಷ್ಯನಲ್ಲ, ಪಂಜರ ಶಾಲೆಯಲ್ಲ. ಇಲಿಯ ಲೆಕ್ಕವನ್ನು ಹಾಗೆಯೇ ನಮಗೆ ಅನ್ವಯಿಸುವುದು ತಪ್ಪು. ಆದರೆ ಆತಂಕ ಹೆಚ್ಚಾದಾಗ ಲೆಕ್ಕ ಮಾಡುವಾಗ ಅಂಕಿಗಳನ್ನು ಕ್ಷಣಕಾಲ ಹಿಡಿದಿಟ್ಟುಕೊಳ್ಳುವ ನೆನಪಿಗೆ ಅಡ್ಡಿಯಾಗುತ್ತದೆ ಎಂಬುದನ್ನು ಮನುಷ್ಯರಲ್ಲೇ ಮನೋವಿಜ್ಞಾನಿಗಳು ತೋರಿಸಿದ್ದಾರೆ. ನಮ್ಮ ಕಡೆ "ಛಡಿ ಛಂ ಛಂ, ವಿದ್ಯಾ ಘಂ ಘಂ" ಎಂಬ ಹಳೆಯ ಮಾತೊಂದಿದೆ. ಛಡಿ ಏಟು ಬಿದ್ದರೆ ವಿದ್ಯೆ ಬರುತ್ತದೆ ಎಂದು ಅದರ ಭಾವ. ಏಟು ಬಿದ್ದ ಮಗುವೂ ಕಲಿಯುತ್ತದೆ. ಮೊದಲು ಕಲಿಯುವುದು ಹೆದರಿಕೆಯನ್ನು. ಕರಿಹಲಗೆ ಕಂಡೊಡನೆ ಎದೆ ಡವಡವ ಎನ್ನುವುದನ್ನು ಕಲಿತ ಮೇಲೆ ಆ ಮಗು "ನನಗೆ ಗಣಿತ ಹತ್ತೋದಿಲ್ಲ" ಎಂದರೆ, ಅದನ್ನು ಹುಟ್ಟುಗುಣ ಎನ್ನಲಾದೀತೇ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ವಿಧಿ ಮಕ್ಕಳಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಇದು ಕರುಣೆಯ ಮಾತಾಗಿರುವಂತೆ ವಿಜ್ಞಾನದ ಮಾತೂ ಹೌದು.

ಸಮಾಧಾನದ ಸಂಗತಿಯೂ ಇದೆ. 2009ರಲ್ಲಿ ನಿಮ್ಹಾನ್ಸ್‌ನ ಶಂಕರನಾರಾಯಣ ರಾವ್, ಟಿ.ಆರ್. ರಾಜು ಮತ್ತು ಸಂಗಡಿಗರು ಒತ್ತಡಕ್ಕೆ ಸಿಕ್ಕ ಇಲಿಗಳನ್ನು ಆಟದ ಸಾಮಾನು, ಸಂಗಾತಿಗಳು, ಓಡಾಡಲು ಜಾಗ ಇರುವ ದೊಡ್ಡ ಪಂಜರಕ್ಕೆ ಬಿಟ್ಟರು. ಕುಂದಿದ್ದ ಕಲಿಕೆ ಸುಧಾರಿಸಿತು, ಹಿಪ್ಪೊಕ್ಯಾಂಪಸ್‌ನಲ್ಲಿ ತಗ್ಗಿದ್ದ ಹೊಸ ಕೋಶಗಳ ಹುಟ್ಟು ಮತ್ತೆ ಏರಿತು. ಆಟ, ಗೆಳೆಯರು, ಹೊಸತನ್ನು ನೋಡುವ ಅವಕಾಶ ಇವು ಓದಿಗೆ ಅಡ್ಡಿ ಎಂದು ಹೇಳುವ ಹಿರಿಯರಿಗೆ ನೀವು ವಿನಯದಿಂದ ಈ ಪ್ರಯೋಗದ ವಿಷಯ ತಿಳಿಸಬಹುದು!

ಒಳಗೆ ಯಾರಿದ್ದಾರೆ?

ಈಗ ಕಣಜದ "ಗೊತ್ತು" ಎಂಬ ಪದಕ್ಕೆ ಬರೋಣ. ಕಣಜಕ್ಕೆ ಉತ್ತರಾಧಿಕಾರಿ ಗೊತ್ತು, ಮಂಗನಿಗೆ ನಮ್ಮ ನೋಟ ಗೊತ್ತು ಎನ್ನುತ್ತೇವೆ. ಆದರೆ ತನಗೆ ಗೊತ್ತಿದೆ ಎಂಬ ಅನುಭವ ಅವಕ್ಕೆ ಇದೆಯೇ? ಇದೇ ಪ್ರಜ್ಞೆಯ ಪ್ರಶ್ನೆ.

ಪ್ರಜ್ಞೆ ಎಂಬ ಪದವನ್ನು ನಾವು ಹಲವು ಅರ್ಥದಲ್ಲಿ ಬಳಸುತ್ತೇವೆ. ಬಿಸಿಲಿಗೆ ಬಿದ್ದವರಿಗೆ ಪ್ರಜ್ಞೆ ತಪ್ಪಿತು ಎನ್ನುವಾಗ ಅದು ಎಚ್ಚರ. ಮಾವಿನಕಾಯಿ ಕಚ್ಚಿದಾಗ ಹುಳಿ ಎನಿಸುತ್ತದಲ್ಲ, ಅದು ಅನುಭವ. "ಹುಳಿ ಎನಿಸಿದ್ದು ನನಗೆ" ಎಂದು ತಿಳಿಯುವುದು ತನ್ನರಿವು. ಎಚ್ಚರವನ್ನು ವೈದ್ಯರು ಅಳೆಯಬಲ್ಲರು. ಅನುಭವವನ್ನು ಹೊರಗಿನಿಂದ ಅಳೆಯುವುದು ಕಷ್ಟ. ಬಾವಲಿಯಾಗಿರುವುದು ಬಾವಲಿಗೆ ಹೇಗೆ ಅನಿಸುತ್ತದೆ ಎಂದು ತತ್ವಜ್ಞಾನಿ ಥಾಮಸ್ ನೇಗೆಲ್ 1974ರಲ್ಲಿ ಕೇಳಿದ ಪ್ರಶ್ನೆಗೆ ಬಾವಲಿಯ ಮಿದುಳಿನ ಪೂರ್ತಿ ನಕ್ಷೆ ಕೊಟ್ಟರೂ ಉತ್ತರವಾಗದು. 1998ರಲ್ಲಿ ಮಿದುಳು ವಿಜ್ಞಾನಿ ಕ್ರಿಸ್ಟಾಫ್ ಕಾಕ್, ತತ್ವಜ್ಞಾನಿ ಡೇವಿಡ್ ಚಾಮರ್ಸ್ ಜೊತೆ ಪಂದ್ಯ ಕಟ್ಟಿದರು. 25 ವರ್ಷಗಳಲ್ಲಿ ಪ್ರಜ್ಞೆಯ ನೆಲೆ ಮಿದುಳಿನಲ್ಲಿ ಸ್ಪಷ್ಟವಾಗಿ ಸಿಗುತ್ತದೆ ಎಂಬುದು ಕಾಕ್ ವಾದ. 2023ರಲ್ಲಿ ಅವರು ಸೋಲೊಪ್ಪಿ ಚಾಮರ್ಸ್‌ಗೆ ದ್ರಾಕ್ಷಾರಸದ ಬಾಟಲಿಗಳನ್ನು ಕೊಟ್ಟರು!

ಆದರೂ ಅಭಿಪ್ರಾಯ ಚಲಿಸುತ್ತಿದೆ. ಸಸ್ತನಿಗಳು, ಹಕ್ಕಿಗಳು ಮತ್ತು ಆಕ್ಟೋಪಸ್‌ನಂಥ ಜೀವಿಗಳಲ್ಲೂ ಪ್ರಜ್ಞೆಗೆ ಬೇಕಾದ ನರವ್ಯವಸ್ಥೆ ಇದೆ ಎಂದು 2012ರಲ್ಲಿ ಕೇಂಬ್ರಿಜ್‌ನಲ್ಲಿ ಸೇರಿದ್ದ ವಿಜ್ಞಾನಿಗಳು ಘೋಷಿಸಿದರು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಘೋಷಣೆ ಇನ್ನೂ ಮುಂದೆ ಹೋಯಿತು. ಎಲ್ಲ ಕಶೇರುಕಗಳಲ್ಲೂ, ಕೀಟಗಳೂ ಸೇರಿದಂತೆ ಅನೇಕ ಅಕಶೇರುಕಗಳಲ್ಲೂ ಅನುಭವವಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ, ಆದ್ದರಿಂದ ಅವುಗಳ ಹಿತವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂದಿತು. ಇಲಿಯ ಮೇಲಿನ ಪ್ರಯೋಗದ ಬಗ್ಗೆ ಓದುವಾಗ ನಿಮಗೆ ಇರುಸುಮುರುಸಾಗಿದ್ದರೆ ಅದು ಸರಿಯಾದ ಭಾವನೆಯೇ. ವಿಜ್ಞಾನಿಗಳನ್ನೂ ಅದು ಬಿಟ್ಟಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಕಸುಬಿನಲ್ಲಿ ಎತ್ತಿನ ಮುಖವನ್ನು ಹತ್ತಿರದಿಂದ ತೋರಿಸಿ, ಹಿನ್ನೆಲೆಯಲ್ಲಿ ಸಾರಂಗಿ ನುಡಿಸಿದರೆ ನೋಡುವವರಿಗೆ ಎತ್ತು ದುಃಖದಲ್ಲಿದೆ ಎನಿಸುತ್ತದೆ. ಅದೇ ಚಿತ್ರಕ್ಕೆ ಹಲಗೆಯ ಸದ್ದು ಸೇರಿಸಿದರೆ ಎತ್ತು ಹುರುಪಿನಲ್ಲಿದೆ ಎನಿಸುತ್ತದೆ. ಎತ್ತು ಮಾತ್ರ ಸುಮ್ಮನೆ ಮೆಲುಕು ಹಾಕುತ್ತಿರುತ್ತದೆ! ನಮ್ಮ ಭಾವನೆಯನ್ನು ಪ್ರಾಣಿಯ ಮೇಲೆ ಹೊರಿಸುವುದು ಎಷ್ಟು ಸುಲಭ ನೋಡಿ. ಗದಗಕರ್ ಅಂಥವರು ಚುಕ್ಕೆ ಇಟ್ಟು, ಗಡಿಯಾರ ಹಿಡಿದು, ಬರೆದುಕೊಂಡದ್ದು ಇದಕ್ಕೇ.

ನೀವೇ ಮಾಡಿ ನೋಡಿ

ಈ ಕೆಲಸಕ್ಕೆ ಪ್ರಯೋಗಶಾಲೆ ಬೇಡ. ಕಣಜದ ಗೂಡಿನ ಹತ್ತಿರ ಹೋಗಬೇಡಿ, ಕಚ್ಚುತ್ತವೆ. ಮಂಗಗಳಿಗೆ ತಿಂಡಿ ಕೊಟ್ಟು ಪರೀಕ್ಷೆ ಮಾಡುವುದೂ ಬೇಡ. ಮನೆಯ ಅಥವಾ ಓಣಿಯ ನಾಲ್ಕೈದು ಆಡು, ಕೋಳಿ ಅಥವಾ ಕರುಗಳನ್ನು ಆರಿಸಿಕೊಳ್ಳಿ. ಪ್ರತಿಯೊಂದನ್ನೂ ಗುರುತು ಹಿಡಿಯಲು ಬಣ್ಣ, ಕೊಂಬು, ಮಚ್ಚೆ ಬರೆದುಕೊಳ್ಳಿ.

ಒಂದೇ ಪ್ರಶ್ನೆ ಇಟ್ಟುಕೊಳ್ಳಿ. ಉದಾಹರಣೆಗೆ, ಹೊಸ ವಸ್ತುವೊಂದನ್ನು, ಒಂದು ಕೆಂಪು ಬಕೆಟ್ ಎನ್ನಿ, ಹತ್ತು ಹೆಜ್ಜೆ ದೂರದಲ್ಲಿಟ್ಟರೆ ಯಾವುದು ಎಷ್ಟು ನಿಮಿಷಕ್ಕೆ ಹತ್ತಿರ ಬರುತ್ತದೆ? ದಿನವೂ ಒಂದೇ ಹೊತ್ತಿನಲ್ಲಿ ಹದಿನೈದು ದಿನ ನೋಡಿ. ನಾಲ್ಕೈದು ದಿನಕ್ಕೊಮ್ಮೆ ವಸ್ತು ಬದಲಿಸಿ. ನಿಮ್ಮ ಗೆಳತಿಯೋ ಗೆಳೆಯನೋ ಬೇರೆ ಪುಸ್ತಕದಲ್ಲಿ ಬರೆಯಲಿ, ಕೊನೆಯ ದಿನದವರೆಗೂ ಇಬ್ಬರೂ ಲೆಕ್ಕ ತಾಳೆ ನೋಡಬೇಡಿ. ಕಂಡದ್ದನ್ನು ಮಾತ್ರ ಬರೆಯಿರಿ. "ಹೆದರಿತು" ಎಂದು ಬರೆಯುವ ಬದಲು "ಮೂರು ಹೆಜ್ಜೆ ಹಿಂದೆ ಸರಿಯಿತು" ಎಂದು ಬರೆಯಿರಿ.

ಹದಿನೈದು ದಿನದ ನಂತರ ಎರಡು ಸಂಗತಿ ಹುಡುಕಿ. ಪ್ರತಿ ಹೊಸ ವಸ್ತುವಿಗೂ ಯಾವಾಗಲೂ ಮೊದಲು ಬರುವ ಪ್ರಾಣಿ ಒಂದೇ ಆಗಿದೆಯೇ? ಆಗಿದ್ದರೆ ಅದು ಅದರ ಸ್ವಭಾವ. ಹಿಂಜರಿಯುತ್ತಿದ್ದ ಪ್ರಾಣಿ ಒಂದೇ ವಸ್ತುವಿನ ಹತ್ತಿರ ದಿನಕಳೆದಂತೆ ಬೇಗ ಬರತೊಡಗಿತೇ? ಬಂದಿದ್ದರೆ ಅದು ಅದರ ಕಲಿಕೆ. ಎರಡೂ ಒಂದೇ ಪುಟದಲ್ಲಿ ಸಿಗುವ ಸಂಭವ ಹೆಚ್ಚು. ಹಾಗೆ ಸಿಕ್ಕರೆ ಆ ಪುಟವನ್ನು ನಿಮ್ಮ ವಿಜ್ಞಾನದ ಮೇಷ್ಟ್ರಿಗೂ ಗಣಿತದ ಮೇಷ್ಟ್ರಿಗೂ ತೋರಿಸಿ. ನಿಮಿಷಗಳ ಸರಾಸರಿ ತೆಗೆಯುವುದು ಹೇಗೆಂದು ಅವರನ್ನೇ ಕೇಳಿ.